ಸೊಂಟ ಹಿಡಿದುಕೊಂಡಿದೆ, ಯಾವ ಮಾತ್ರೆ ನುಂಗಲಿ?

ಪ್ರಶ್ನೆ: ನನಗೆ 43 ವರ್ಷ. ಬಸವೇಶ್ವರನಗರದಲ್ಲಿ ಎರಡನೇ ಮಹಡಿಯ ಮನೆ. ಐದು ದಿನದ ಹಿಂದೆ 20 ಲೀಟರ್ ನೀರಿನ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುವಾಗ ಸೊಂಟ ಚಳಕ್ ಅಂದಿತು. ಶೂ ಲೇಸ್ ಕಟ್ಟೋಕೂ ಬಗ್ಗಲು ಆಗುತ್ತಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ದಿನಕ್ಕೆ ಎರಡು ನುಂಗುತ್ತಿದ್ದೇನೆ, ಅದರ ಮೇಲೆ ಅಸಿಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325 ಎಂದಿದೆ. ಸಾಲದೆಂದು ಡೋಲೋ 650 ಮೂರು ಹೊತ್ತು. ಬಿಪಿಗೆ ಟೆಲ್ಮಿಸಾರ್ಟನ್ ಇದೆ. ನೋವು ಅರ್ಧ ಇಳಿದಿದೆ. ಗೆಳೆಯ ಟ್ರಮಡಾಲ್ ತಗೋ, ಒಂದೇ ದಿನಕ್ಕೆ ಸರಿಹೋಗುತ್ತದೆ ಅನ್ನುತ್ತಾನೆ. ತಗೊಳ್ಳಲಾ? ಎಂಆರ್‌ಐ ಬೇಕಾ?

ಉತ್ತರ: ಮೊದಲು ಲೆಕ್ಕ ಹಾಕೋಣ. ಶಾಪಿನ ಎರಡು ಮಾತ್ರೆಯಲ್ಲಿ 650, ಮೂರು ಡೋಲೋದಲ್ಲಿ 1,950, ಒಟ್ಟು ದಿನಕ್ಕೆ 2,600 ಮಿಲಿಗ್ರಾಂ ಪ್ಯಾರಾಸಿಟಮಾಲ್ ನಿಮ್ಮ ಹೊಟ್ಟೆ ಸೇರುತ್ತಿದೆ. ಆರೋಗ್ಯವಂತ ದೊಡ್ಡವರಿಗೆ ದಿನದ ಗಡಿ 4,000, ಹಾಗಾಗಿ ಗಾಬರಿ ಬೇಡ. ಆದರೆ ಒಂದೇ ಔಷಧಿಯನ್ನು ಎರಡು ಹೆಸರಲ್ಲಿ ನುಂಗುತ್ತಿದ್ದೀರಿ ಅಂತ ನಿಮಗೆ ಯಾರೂ ಹೇಳಲಿಲ್ಲ, ಅಲ್ವಾ? ನಡುವೆ ನೆಗಡಿ ಬಂದು ಇನ್ನೊಂದು ಮಾತ್ರೆ ಸೇರಿದರೆ, ಅದರಲ್ಲೂ ಅದೇ ಇರುತ್ತದೆ. ಜಾಸ್ತಿಯಾದರೆ ಪೆಟ್ಟು ಬೀಳುವುದು ಲಿವರ್‌ಗೆ. ಡೋಲೋ ಬಿಡಿ.

ನನಗೆ ಜಾಸ್ತಿ ಚಿಂತೆ ಆಗಿದ್ದು ಇನ್ನೊಂದು ವಿಷಯಕ್ಕೆ. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲ ಒಂದೇ ಮನೆತನದವು. ಮೂತ್ರಪಿಂಡಕ್ಕೆ ರಕ್ತ ಬರುವ ದಾರಿಯನ್ನು ಇವು ಕಿರಿದು ಮಾಡುತ್ತವೆ, ರಕ್ತ ಹೊರಗೆ ಹೋಗುವ ದಾರಿಯನ್ನು ಟೆಲ್ಮಿಸಾರ್ಟನ್ ಅಗಲ ಮಾಡುತ್ತದೆ, ನಡುವೆ ಸೋಸಲು ಬೇಕಾದ ಒತ್ತಡವೇ ಬಿದ್ದುಹೋಗುತ್ತದೆ. ಬಿಪಿ ಮಾತ್ರೆಯಲ್ಲಿ ನೀರು ಇಳಿಸುವ ಔಷಧಿಯೂ ಸೇರಿದ್ದರೆ ಅಪಾಯ ಇನ್ನೂ ಜಾಸ್ತಿ. ನಮ್ಮ ತಾಯಿ ಪಕ್ಕದ ಮನೆಯವರು ಕೊಟ್ಟ ನೋವಿನ ಮಾತ್ರೆಯನ್ನು ಬಿಪಿ ಮಾತ್ರೆಯ ಜೊತೆ ಮೂರು ವಾರ ನುಂಗಿದ್ದರು. ಡಾಕ್ಟರ್ ಮಗನಿಗೇ ಗೊತ್ತಾಗಲಿಲ್ಲ. ಕಾಲು ಊದಿಕೊಂಡ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ, ಏರಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಇಳಿಯಿತು, ಆದರೆ ಆ ದಿನಗಳ ಭಯ ನನಗೆ ಇನ್ನೂ ಹೋಗಿಲ್ಲ. ಮೈಸೂರು ರಸ್ತೆಯಲ್ಲಿ ಹೋಗುವಾಗ ರಾಮನಗರದ ರಾಮದೇವರ ಬೆಟ್ಟ ನೋಡಿರುತ್ತೀರಿ, ರಣಹದ್ದುಗಳಿಗೆ ಮೀಸಲಾದ ಜಾಗ. ದೇಶದಲ್ಲಿ ಆ ಹಕ್ಕಿಗಳು ಕೋಟಿಗಟ್ಟಲೆ ಸತ್ತಿದ್ದು ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದು, ಮೂತ್ರಪಿಂಡ ಕೆಟ್ಟು. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಮನುಷ್ಯನ ಮೂತ್ರಪಿಂಡ ಅಷ್ಟು ಸೂಕ್ಷ್ಮವಲ್ಲ, ನಿಜ. ಆದರೂ ಇದು ಸುಮ್ನೆ ನುಂಗುವ ಮಾತ್ರೆಯಲ್ಲ. ಬಿಪಿ ನೋಡುವ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಅವರು ಹೇಳುವವರೆಗೆ ಶಾಪಿನ ಮಾತ್ರೆ ಬೇಡ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಈಗ, ನೋವು ಅರ್ಧ ಇಳಿದಿದ್ದು ಮಾತ್ರೆಯಿಂದಲೇ? ಇದನ್ನು ತಿಳಿಯಲು ಒಂದೇ ದಾರಿ. ಒಂದಷ್ಟು ಜನಕ್ಕೆ ನಿಜವಾದ ಮಾತ್ರೆ, ಇನ್ನಷ್ಟು ಜನಕ್ಕೆ ನೋಡೋಕೆ ಹಾಗೇ ಇರುವ ಔಷಧಿಯಿಲ್ಲದ ಮಾತ್ರೆ ಕೊಟ್ಟು, ಯಾರದ್ದು ಯಾವುದು ಅಂತ ರೋಗಿಗೂ ಡಾಕ್ಟರಿಗೂ ಗೊತ್ತಾಗದಂತೆ ಇಟ್ಟು ಕಾಯುವುದು. ಸಿಡ್ನಿಯಲ್ಲಿ 1,600ಕ್ಕೂ ಹೆಚ್ಚು ಜನರ ಮೇಲೆ ಹೀಗೇ ಮಾಡಿದರು, ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ಪ್ಯಾರಾಸಿಟಮಾಲ್ ಹೊತ್ತು ಹೊತ್ತಿಗೆ, ಇನ್ನೊಂದಕ್ಕೆ ನೋವು ಬಂದಾಗ ಮಾತ್ರ, ಮೂರನೆಯದಕ್ಕೆ ಹುಸಿ ಮಾತ್ರೆ. ನೋವು ಹೋಗಲು ಮೊದಲ ಎರಡು ಗುಂಪಿಗೂ ಹಿಡಿದಿದ್ದು ಹೆಚ್ಚುಕಡಿಮೆ 17 ದಿನ. ಹುಸಿ ಮಾತ್ರೆಯವರಿಗೆ 16! ಮೊದಲ ಸಲ ಓದಿದಾಗ ನಾನು ಹಾಳೆ ತಿರುಗಿಸಿ ಮತ್ತೆ ಓದಿದೆ, ಯಾಕೆಂದರೆ ಅಲ್ಲಿಯವರೆಗೆ ಸೊಂಟ ಹಿಡಿದು ಬಂದ ಪ್ರತಿಯೊಬ್ಬರಿಗೂ ಮೊದಲು ಅದನ್ನೇ ಬರೆದುಕೊಡುತ್ತಿದ್ದೆ. ಅಸಿಕ್ಲೋಫೆನಾಕ್ ಮನೆತನದ ಮಾತ್ರೆಗಳು ಹುಸಿ ಮಾತ್ರೆಗಿಂತ ವಾಸಿ, ಆದರೆ ಎಷ್ಟು? ನೋವನ್ನು ನೂರಕ್ಕೆ ಅಳೆದರೆ ಸುಮಾರು ಏಳು ಅಂಕದಷ್ಟು. ನಿದ್ದೆ ಬಾರದ ಮೊದಲ ಎರಡು ರಾತ್ರಿಗೆ ಆ ಏಳು ಅಂಕವೂ ದೊಡ್ಡದೇ. ಆಮೇಲೆ ಅದಕ್ಕಾಗಿ ಮೂತ್ರಪಿಂಡ, ಹೊಟ್ಟೆಯ ಹುಣ್ಣು, ಬಿಪಿ ಎಲ್ಲವನ್ನೂ ಪಣಕ್ಕಿಡಬೇಕಾ ಅನ್ನುವುದು ನನ್ನ ಪ್ರಶ್ನೆ.

ಟ್ರಮಡಾಲ್ ಬೇಡವೇ ಬೇಡ. ಅದು ಅಫೀಮಿನ ಜಾತಿಗೆ ಸೇರಿದ್ದು, ಅಭ್ಯಾಸ ಹಿಡಿಸುತ್ತದೆ. ಅದೇ ಜಾತಿಯ ಆಕ್ಸಿಕೋಡೋನ್ ಅನ್ನು ಸಿಡ್ನಿಯಲ್ಲೇ 347 ಜನರಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಸೊಂಟ ಅಥವಾ ಕತ್ತು ಹಿಡಿದವರು ಅವರು. ಆರು ವಾರದ ಕೊನೆಗೆ ಹುಸಿ ಮಾತ್ರೆ ನುಂಗಿದವರಿಗಿಂತ ಆಕ್ಸಿಕೋಡೋನ್ ನುಂಗಿದವರ ನೋವು ಕಡಿಮೆ ಇರಲಿಲ್ಲ.

ಹಾಗಾದರೆ ಏನು ಮಾಡಲಿ ಅನ್ನುತ್ತೀರಾ? ಓಡಾಡಿ. 1995ರಲ್ಲಿ ಹೆಲ್ಸಿಂಕಿ ನಗರದ ನೌಕರರಲ್ಲಿ ನೋಡಿದಾಗ, ಎರಡು ದಿನ ಹಾಸಿಗೆ ಹಿಡಿದವರಿಗಿಂತ ಆದಷ್ಟು ಮಾಮೂಲಿ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು. ಪಾರ್ಕಿನಲ್ಲಿ ಹತ್ತು ನಿಮಿಷ, ಆಗದಿದ್ದರೆ ಮನೆಯೊಳಗೇ ನಾಲ್ಕು ಹೆಜ್ಜೆ. ನೋವಾಗುತ್ತದೆ, ಅದರಿಂದ ಏನೂ ಹರಿದುಹೋಗುವುದಿಲ್ಲ. ಸ್ಕೂಟರಲ್ಲಿ ಗುಂಡಿ ಬಿದ್ದ ರಸ್ತೆ ಒಂದು ವಾರ ಬೇಡ, ಮೆಟ್ರೋ ಹತ್ತಿರವಿದ್ದರೆ ಅದರಲ್ಲಿ ಹೋಗಿ. ಕ್ಯಾನ್ ತರುವ ಹುಡುಗನಿಗೆ ಮೇಲಿನವರೆಗೆ ತಂದಿಡಲು ಹೇಳಿ.

ಎಂಆರ್‌ಐ ಈಗ ಬೇಡ. ನೋವೇ ಇಲ್ಲದ ನಲವತ್ತರ ವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೂ ಅರ್ಧದಷ್ಟು ಜನಕ್ಕೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ, ಅದನ್ನು ನೋಡಿ ನೀವು ಹೆದರುವುದೊಂದೇ ಲಾಭ. ಆದರೆ ಇದನ್ನು ಮಾತ್ರ ಮರೆಯಬೇಡಿ: ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕುಳಿತುಕೊಳ್ಳುವ ಜಾಗ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಬೆನ್ನುನೋವಿನ ಜೊತೆ ಜ್ವರ ಬಂದರೂ ಕಾಯಬೇಡಿ.

ಪ್ರಶ್ನೆ: ಅತ್ತೆಗೆ 71. ಬಾತ್‌ರೂಮಿನಲ್ಲಿ ಜಾರಿ ಕೂತರು, ಅಂದಿನಿಂದ ಸೊಂಟನೋವು. ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗೋಣ ಅಂತಾರೆ. ಬಿಸಿನೀರಿನ ಚೀಲ ಇಡಬಹುದಾ? (ಗೃಹಿಣಿ, ಮಲ್ಲೇಶ್ವರ)

ಉತ್ತರ: ದಯವಿಟ್ಟು ಕರೆದುಕೊಂಡು ಹೋಗಬೇಡಿ. ಈ ವಯಸ್ಸಿನಲ್ಲಿ ಮೂಳೆ ಸವೆದಿರುತ್ತದೆ, ಸುಮ್ನೆ ಕೂತಂತೆ ಬಿದ್ದರೂ ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದಿರಬಹುದು. ಅದರ ಮೇಲೆ ಯಾರಾದರೂ ತುಳಿದರೆ, ತಿರುವಿದರೆ ಏನಾದೀತು ಯೋಚಿಸಿ. ಮೊದಲು ಎಕ್ಸ್‌ರೇ. ಬಿಸಿ ಶಾಖದಿಂದ ಸ್ವಲ್ಪ ಹಾಯೆನಿಸುತ್ತದೆ, ಕೊಡಬಹುದು. ಅತ್ತೆಗೆ ಸಕ್ಕರೆ ಕಾಯಿಲೆ ಇದ್ದು ಚರ್ಮ ಜೋಮು ಹಿಡಿದಿದ್ದರೆ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಚೀಲವನ್ನು ಟವೆಲ್‌ನಲ್ಲಿ ಸುತ್ತಿ, ನಿಮ್ಮ ಕೈಗೆ ಇಟ್ಟು ನೋಡಿ, ಆಮೇಲೆ ಅವರಿಗೆ ಇಡಿ.