ಮನೆ ಗ್ಯಾರೇಜಿಗೆ ಎರಡು ಕಂಬದ ಲಿಫ್ಟೋ, ನಾಲ್ಕು ಕಂಬದ್ದೋ? ಮೊದಲು ನೆಲ ಕೊರೆದು ನೋಡಿ

10 ಅಡಿ ಎತ್ತರದ ಗ್ಯಾರೇಜು, ಬ್ರೇಕ್ ಮತ್ತು ಸಸ್ಪೆನ್ಷನ್ ಕೆಲಸ ಸ್ವಂತವಾಗಿ ಮಾಡಿಕೊಳ್ಳುವ ಆಸೆ, ಕಾರು ಎತ್ತುವ ಲಿಫ್ಟು ಎರಡು ಕಂಬದ್ದೋ ನಾಲ್ಕು ಕಂಬದ್ದೋ ಎಂಬ ಗೊಂದಲ. ನಿಮ್ಮ ಪ್ರಶ್ನೆ ಓದುತ್ತಿದ್ದರೆ ಕೆಲವು ವರ್ಷಗಳ ಹಿಂದೆ ನಾನೇ ಬರೆದದ್ದೇನೋ ಅನ್ನಿಸಿತು. ಆಗ ಎಷ್ಟೋ ಜನರನ್ನು ಕೇಳಿದೆ. ಎಲ್ಲರೂ ಲಿಫ್ಟಿನ ಬಗ್ಗೆಯೇ ಹೇಳಿದರು, ಅದು ನಿಲ್ಲಬೇಕಾದ ನೆಲದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ನನಗೆ ಎರಡು ಕಂಬದ್ದೇ ಬೇಕಿತ್ತು. ಜ್ಯಾಕ್ ಸ್ಟ್ಯಾಂಡ್ ಕೊಟ್ಟು ಕಾರಿನ ಕೆಳಗೆ ಬೆನ್ನ ಮೇಲೆ ಮಲಗಿ ಕೆಲಸ ಮಾಡಿ ಸಾಕಾಗಿತ್ತು. ಎರಡು ಕಂಬದ ಲಿಫ್ಟು ಕಾರನ್ನು ಬಾಡಿಯ ಕೆಳಗಿನ ನಾಲ್ಕು ಜಾಗಗಳಲ್ಲಿ ಹಿಡಿದು ಎತ್ತುವುದರಿಂದ ನಾಲ್ಕೂ ಚಕ್ರ ಗಾಳಿಯಲ್ಲಿ ತೂಗುತ್ತವೆ. ಬ್ರೇಕ್ ಕೆಲಸಕ್ಕೆ ಇನ್ನೇನು ಬೇಕು? 4 ಟನ್ ಸಾಮರ್ಥ್ಯದ್ದನ್ನು ಆರಿಸಿದೆ. ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕಾಂಕ್ರೀಟ್ ಕನಿಷ್ಠ 4 ಇಂಚು ದಪ್ಪ ಇರಬೇಕು, ಬಲ 3000 ಪಿಎಸ್‌ಐ, ಅಂದರೆ ಚದರ ಇಂಚಿಗೆ 3000 ಪೌಂಡ್ ಒತ್ತಡ ತಡೆಯುವಷ್ಟು, ಸುಮಾರು 20 ಮೆಗಾಪಾಸ್ಕಲ್. ಓದಿ ನಿರ್ಲಕ್ಷ್ಯ ಮಾಡಿದೆ ಅಂದುಕೊಳ್ಳಬೇಡಿ. ಟೇಪು ಹಿಡಿದು ಹೋಗಿ ಅಳೆದೆ. ಗ್ಯಾರೇಜಿನ ಬಾಗಿಲ ಬಳಿ ನೆಲದ ಅಂಚು ಹೊರಗೆ ಕಾಣುತ್ತಿತ್ತಲ್ಲ, ಅಲ್ಲಿ ಅಳೆದೆ. ಸುಮಾರು 6 ಇಂಚು ಸಿಕ್ಕಿತು. ಬೇಕಾದದ್ದಕ್ಕಿಂತ ಹೆಚ್ಚೇ ಇದೆ ಎಂದು ಲಿಫ್ಟು ತರಿಸಿಬಿಟ್ಟೆ.

ನಾನು ಎಡವಿದ್ದು ಅಲ್ಲೇ. ನೀವೂ ಅಲ್ಲೇ ಅಳೆಯುತ್ತೀರಿ, ಯಾಕೆಂದರೆ ಕಣ್ಣಿಗೆ ಕಾಣುವ ಅಂಚು ಅದೊಂದೇ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಗ್ಯಾರೇಜಿನ ನೆಲ ಹಾಕುವಾಗ ಬಾಗಿಲಿನ ಅಂಚನ್ನು ಬೇಕೆಂದೇ ದಪ್ಪ ಮಾಡುವುದುಂಟು. ಪ್ರತಿ ಸಲ ಚಕ್ರ ಹತ್ತಿ ಇಳಿಯುವುದು ಅಲ್ಲೇ, ಮಳೆನೀರು ಮಣ್ಣು ಕೊರೆಯುವುದೂ ಅಲ್ಲೇ. ಆ ಅಂಚಿನಿಂದ ಸ್ವಲ್ಪ ಒಳಗೆ ಹೋದರೆ ನೆಲ ತೆಳುವಾಗಿಬಿಡಬಹುದು. ನಿಂತ ಕಾರಿಗೆ ಅಷ್ಟು ಸಾಕು, ನಾಲ್ಕು ಟೈರುಗಳು ಭಾರವನ್ನು ಹಂಚಿಕೊಂಡು ಕೆಳಕ್ಕೆ ಮಾತ್ರ ಒತ್ತುತ್ತವೆ. ಕಂಬದ ಕಥೆ ಬೇರೆ.

ಬೋಲ್ಟಿಗೆ ತೂತು ಕೊರೆಯುವಾಗ ಡ್ರಿಲ್ಲಿನ ಮೊನೆ ಇನ್ನೂ ಆಳಕ್ಕೆ ಇಳಿಯುವ ಮೊದಲೇ ಸರ್ರನೆ ಜಾರಿತು. ಬೂದುಬಣ್ಣದ ಪುಡಿ ಬರುತ್ತಿದ್ದ ಕಡೆಯಿಂದ ಒದ್ದೆ ಮಣ್ಣು ಬಂತು. ಆಗಲೂ ಎಲ್ಲೋ ಒಂದು ಕಡೆ ಹೀಗಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬೋಲ್ಟ್ ಕೂರಿಸಿದೆ. ನಿಗದಿತ ಬಿಗಿತ ಬಂದ ಕೂಡಲೇ ಸದ್ದು ಮಾಡುವ ಟಾರ್ಕ್ ರೆಂಚ್ ತಿರುಗಿಸುತ್ತಲೇ ಹೋದೆ, ಅದು "ಕಟ್" ಅನ್ನಲೇ ಇಲ್ಲ. ನಟ್ಟು ಬಿಗಿಯಾಗುವ ಬದಲು ಬೋಲ್ಟೇ ನಿಧಾನವಾಗಿ ಮೇಲಕ್ಕೆ ಬರುತ್ತಿತ್ತು. ಅಳೆದು ನೋಡಿದರೆ ಅಲ್ಲಿ ಕಾಂಕ್ರೀಟ್ 3 ಇಂಚೂ ಇರಲಿಲ್ಲ.

ಒಂದು ಇಂಚಿಗೆ ಇಷ್ಟೊಂದು ರಂಪವೇ ಅನ್ನಬೇಡಿ. ಎರಡು ಕಂಬದ ಲಿಫ್ಟಿನಲ್ಲಿ ಭಾರ ಕಂಬದ ನೆತ್ತಿಯ ಮೇಲೆ ಕೂರುವುದಿಲ್ಲ, ಕಂಬದಿಂದ ಚಾಚಿದ ತೋಳುಗಳ ತುದಿಯಲ್ಲಿ ನೇತಾಡುತ್ತದೆ. 2 ಟನ್ ಕಾರಾದರೆ ಒಂದೊಂದು ಕಂಬದ ಪಾಲಿಗೂ ಒಂದು ಟನ್ ಬರುತ್ತದೆ, ಅದೂ ಕಂಬದಿಂದ ದೂರದಲ್ಲಿ. ಹಾಗಾಗಿ ಕಂಬ ಯಾವಾಗಲೂ ಕಾರಿನ ಕಡೆಗೆ ವಾಲಲು ನೋಡುತ್ತಿರುತ್ತದೆ. ಬುಡದ ಪ್ಲೇಟಿನ ಹೊರಬದಿಯ ಬೋಲ್ಟುಗಳನ್ನು ನೆಲದಿಂದ ಕೀಳಲು ಎಳೆಯುತ್ತಿರುತ್ತದೆ. ಇಲ್ಲಿ ಬಳಸುವುದು ವೆಡ್ಜ್ ಆಂಕರ್ ಬೋಲ್ಟು, ಬಿಗಿದಂತೆ ತುದಿ ಹಿಗ್ಗುವಂಥದ್ದು. ಅದು ಆ ಎಳೆತ ತಡೆಯುವುದು ತನ್ನ ಸುತ್ತಲಿನ ಕಾಂಕ್ರೀಟನ್ನು ಅದುಮಿ ಹಿಡಿದು. ಸೋತರೆ ಕಾಂಕ್ರೀಟ್ ಆಲಿಕೆಯ ಆಕಾರದಲ್ಲಿ ಕಿತ್ತು ಬರುತ್ತದೆ. ಬೋಲ್ಟು ಎಷ್ಟು ಆಳಕ್ಕೆ ಇಳಿದಿದೆಯೋ ಆ ಆಲಿಕೆ ಅಷ್ಟು ದೊಡ್ಡದು, ಹಿಡಿತವೂ ಅಷ್ಟು ಗಟ್ಟಿ. ಲೆಕ್ಕದಲ್ಲಿ ಈ ಬಲ ಆಳದ ಒಂದೂವರೆ ಘಾತಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಆಳ ಅರ್ಧವಾದರೆ ಬಲ ಅರ್ಧಕ್ಕೆ ನಿಲ್ಲುವುದಿಲ್ಲ, ಮೂರರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಕುಸಿಯುತ್ತದೆ. ಆ ಕಾರಿನ ಕೆಳಗೆ ನಿಂತಿರುವುದು ನೀವು.

ಆಮೇಲೆ ಸಲಹೆಗಳ ಮಳೆ. ಎಪಾಕ್ಸಿ ಸುರಿದು ಬೋಲ್ಟ್ ಅಂಟಿಸು ಅಂದರು. ಅಂಟು ಎಷ್ಟೇ ಗಟ್ಟಿಯಾಗಿರಲಿ, ಹಿಡಿದುಕೊಳ್ಳಲು ಕಾಂಕ್ರೀಟೇ ಇಲ್ಲದ ಕಡೆ ಅದು ಏನು ಮಾಡೀತು? ಹಳೆಯ ನೆಲದ ಮೇಲೆಯೇ ಇನ್ನೆರಡು ಇಂಚು ಕಾಂಕ್ರೀಟ್ ಹಾಕು ಅಂದರು. ಹಳೆಯದೂ ಹೊಸದೂ ಎರಡು ಪದರವಾಗಿಯೇ ಉಳಿಯುತ್ತವೆ, ಒಂದೇ ಕಲ್ಲಿನಂತೆ ಕೆಲಸ ಮಾಡುವುದಿಲ್ಲ. ನಿಮಗೆ ಯಾರಾದರೂ ಇವೆರಡರಲ್ಲಿ ಒಂದನ್ನು ಹೇಳಿದರೆ ಕೇಳಬೇಡಿ. ಉಳಿದದ್ದು ಒಂದೇ ದಾರಿ: ಎರಡೂ ಕಂಬದ ಜಾಗದಲ್ಲಿ ನೆಲವನ್ನು ಚೌಕಾಕಾರವಾಗಿ ಕೊಯ್ದು, ಮಣ್ಣು ತೋಡಿ, ಹಳೆಯ ನೆಲಕ್ಕೆ ಕಂಬಿ ಕೂರಿಸಿ, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಹೊಸ ಕಾಂಕ್ರೀಟ್ ತುಂಬುವುದು. ಅದು ಪೂರ್ತಿ ಬಲ ಪಡೆಯಲು 28 ದಿನ ಬೇಕು. ಅಷ್ಟರವರೆಗೆ ಲಿಫ್ಟು ಗೋಡೆ ಪಕ್ಕ ಬಿದ್ದಿತ್ತು, ಕಾರು ಬಿಸಿಲಲ್ಲಿ ನಿಂತಿತ್ತು. ನೆಲಕ್ಕೆ ಸುರಿದ ಹಣದಲ್ಲಿ ಬೇರೆ ಬಗೆಯ ಒಳ್ಳೆಯ ಲಿಫ್ಟೇ ಬರುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಜಾಗಕ್ಕೆ ಎರಡೂ ಬೇಡ ಅನ್ನುತ್ತೇನೆ.

10 ಅಡಿ ಅಂದರೆ ಸುಮಾರು 3 ಮೀಟರ್. ಸಾಮಾನ್ಯ ಸೆಡಾನ್ 1.45 ಮೀಟರ್ ಎತ್ತರ ಇರುತ್ತದೆ. ಮೇಲೆ ಗೇಣಷ್ಟು ಜಾಗ ಬಿಟ್ಟರೆ ಕಾರು ನೆಲದಿಂದ ಏಳುವುದು 1.3 ಮೀಟರ್ ಚಿಲ್ಲರೆ. ಎತ್ತರದ ಎಸ್‌ಯುವಿ ಆದರೆ ಇನ್ನೂ ಕಡಿಮೆ. ಬಾನೆಟ್ ತೆರೆಯಬೇಕಾದರೆ ಅದಕ್ಕೂ ಜಾಗ ಬೇಕು. ನಿಮ್ಮ ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿದು ಸೂರಿನ ಕೆಳಗೆ ಮಲಗುವಂಥದ್ದಾದರೆ ಅಳತೆಯನ್ನು ಸೂರಿನಿಂದಲ್ಲ, ತೆರೆದಿಟ್ಟ ಬಾಗಿಲಿನಿಂದ ಹಿಡಿಯಬೇಕು. ಎರಡು ಕಂಬದ ಲಿಫ್ಟಿಗೆ ಇಷ್ಟೊಂದು ಖರ್ಚು ಮಾಡುವುದೇ ಕಾರಿನ ಕೆಳಗೆ ನೆಟ್ಟಗೆ ನಿಂತು ಕೆಲಸ ಮಾಡಲಿಕ್ಕೆ. ನಿಮ್ಮಲ್ಲಿ ಆ ಸುಖ ಸಿಗುವುದಿಲ್ಲ, ಸ್ಟೂಲಿನ ಮೇಲೆ ಕೂತೇ ಕೆಲಸ.

ನಾಲ್ಕು ಕಂಬದ್ದು ನೆಲಕ್ಕೆ ಅಷ್ಟು ಕಾಟ ಕೊಡುವುದಿಲ್ಲ, ಭಾರ ನೇರ ಕೆಳಕ್ಕೆ ಇಳಿಯುತ್ತದೆ. ಆದರೆ ಅದರಲ್ಲಿ ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರುತ್ತದೆ. ಚಕ್ರ ಬಿಚ್ಚಬೇಕಾದರೆ ಮಧ್ಯೆ ಓಡಾಡುವ ಇನ್ನೊಂದು ಜ್ಯಾಕ್ ಕೊಳ್ಳಬೇಕು. ಆಯಿಲ್ ಬದಲಿಸುವವರಿಗೆ, ಒಂದರ ಮೇಲೊಂದು ಕಾರು ನಿಲ್ಲಿಸುವವರಿಗೆ ಅದು ಸರಿ. ಬ್ರೇಕ್ ಕೆಲಸಕ್ಕೆ ಸುತ್ತುದಾರಿ.

ನಾನಾಗಿದ್ದರೆ ಕಾರಿನಡಿ ಕತ್ತರಿಯಂತೆ ಬಿಚ್ಚಿಕೊಂಡು ಸುಮಾರು 1.2 ಮೀಟರ್ ಎತ್ತುವ ಕತ್ತರಿ ಲಿಫ್ಟು, ಅದೇ ಸಿಸರ್ ಲಿಫ್ಟು, ತರುತ್ತಿದ್ದೆ. ಚಕ್ರಗಳು ನಾಲ್ಕೂ ಬಿಡುಗಡೆ, ಎತ್ತರ ನಿಮ್ಮ ಸೂರು ಕೊಡುವಷ್ಟೇ. ಕಾರಿನ ನಡುಭಾಗ ಮುಚ್ಚಿಹೋಗುವುದರಿಂದ ಗೇರ್‌ಬಾಕ್ಸ್, ಸೈಲೆನ್ಸರ್ ಕೆಲಸಕ್ಕೆ ತೊಡಕು. ನೀವು ಹೇಳಿದ ಕೆಲಸಕ್ಕೆ ಅಡ್ಡಿಯಿಲ್ಲ. ವಿದ್ಯುತ್ ಕಾರಿದ್ದರೆ ಮಾತ್ರ ಎಚ್ಚರ: ಬ್ಯಾಟರಿ ಸಾಮಾನ್ಯವಾಗಿ ಹೊಟ್ಟೆಯಡಿಯಲ್ಲಿರುತ್ತದೆ, ಲಿಫ್ಟಿನ ಯಾವ ಭಾಗವೂ ಅದನ್ನು ಮುಟ್ಟಬಾರದು, ಕಾರಿನ ಕಂಪನಿ ಗುರುತಿಸಿದ ಜಾಗದಲ್ಲೇ ಲಿಫ್ಟಿನ ಪ್ಯಾಡ್, ಅಂದರೆ ಕಾರಿಗೆ ತಾಗುವ ಮೆತ್ತೆ, ಕೂರಬೇಕು. ಮೋಟಾರು ಸಿಂಗಲ್ ಫೇಸಿನದ್ದೇ ಎಂದು ಕೇಳಿಕೊಳ್ಳಿ, ಅದಕ್ಕೆಂದೇ ಪ್ರತ್ಯೇಕ ಲೈನ್ ಎಳೆಸಿ. ಉತ್ತರ ಅಮೆರಿಕದ ಆಟೊಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟಿನ ಪ್ರಮಾಣಪತ್ರವೋ ಯುರೋಪಿನ ಇಎನ್ 1493 ಮಾನದಂಡವೋ ಇಲ್ಲದ ಲಿಫ್ಟನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಮನೆಗೆ ತರಬೇಡಿ.

ಯಾವುದೇ ತಂದರೂ ಬಳಸುವ ಕ್ರಮ ಒಂದೇ. ಚಕ್ರ ನೆಲ ಬಿಟ್ಟ ಕೂಡಲೇ ನಿಲ್ಲಿಸಿ, ಬಂಪರ್ ಹಿಡಿದು ಕಾರನ್ನು ಅಲುಗಾಡಿಸಿ, ಪ್ಯಾಡುಗಳನ್ನು ಬಗ್ಗಿ ನೋಡಿ. ಕದಲಿದರೆ ಇಳಿಸಿ ಮತ್ತೆ ಕೂರಿಸಿ. ಬೇಕಾದ ಎತ್ತರಕ್ಕೆ ಹೋದ ಮೇಲೆ ಹಾಗೇ ಬಿಡಬೇಡಿ. ಸ್ವಲ್ಪ ಕೆಳಗಿಳಿಸಿ ಯಾಂತ್ರಿಕ ಲಾಕಿನ ಮೇಲೆ ಕೂರಿಸಿ, ಎರಡೂ ಬದಿ ಕೂತಿದೆಯೇ ಎಂದು ಕಣ್ಣಾರೆ ನೋಡಿ. ಹೈಡ್ರಾಲಿಕ್ ಎಣ್ಣೆ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಎಂಜಿನ್ನಿನಂಥ ಭಾರದ ಭಾಗ ಬಿಚ್ಚಿದರೆ ಕಾರಿನ ತೂಕ ಇನ್ನೊಂದು ತುದಿಗೆ ವಾಲುತ್ತದೆ, ಅದಕ್ಕೆ ಮೊದಲೇ ಆಸರೆ ಕೊಟ್ಟಿರಬೇಕು.

ಇಷ್ಟು ಹೇಳಿದ ಮೇಲೂ ನಿಮಗೆ ಎರಡು ಕಂಬವೇ ಬೇಕು ಅಂದರೆ, ಹಣ ಕೊಡುವ ಮೊದಲು ಕಂಬ ನಿಲ್ಲುವ ಎರಡೂ ಜಾಗದಲ್ಲಿ ಒಂದೊಂದು ಸಣ್ಣ ತೂತು ಕೊರೆಯಿರಿ. ನೆಲದಡಿ ನೀರಿನ ಪೈಪು, ವೈರು ಹೋಗಿಲ್ಲ ಎಂದು ಖಚಿತ ಮಾಡಿಕೊಂಡೇ ಕೊರೆಯಿರಿ. ಕಾಂಕ್ರೀಟಿನ ಒಳಗೆ ಬಿಗಿದೆಳೆದ ಕೇಬಲ್ ಇರುವ ಪೋಸ್ಟ್ ಟೆನ್ಷನ್ ನೆಲವಾದರೆ ಕೊರೆಯಲೇಬೇಡಿ. ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ತೂತಿನೊಳಗೆ ಇಳಿಸಿ, ಕಾಂಕ್ರೀಟಿನ ಅಡಿಗೆ ಸಿಕ್ಕಿಸಿ, ಮೇಲ್ಮಟ್ಟದಲ್ಲಿ ಗುರುತು ಹಾಕಿ ಹೊರತೆಗೆದು ಅಳೆಯಿರಿ. ಹತ್ತಿರದಲ್ಲಿ ಬಿರುಕೋ ಜೋಡಣೆಯ ಗೆರೆಯೋ ಇದ್ದರೆ ಅದರ ದೂರವನ್ನೂ ಅಳೆಯಿರಿ. ಆ ಅಳತೆ ಮತ್ತು ನಿಮ್ಮ ಕಾರಿನ ತೂಕ ಎರಡನ್ನೂ ತಿಳಿಸಿದರೆ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಹೇಳುತ್ತೇನೆ.