ಡಾಲ್ಫಿನ್ ಎದುರಿಗೇ ಇದೆ, ರೆಕಾರ್ಡಿಂಗ್‌ನಲ್ಲಿ ಮಾತ್ರ ಇಲ್ಲ
ಬಿಹಾರದ ಭಾಗಲ್ಪುರದಲ್ಲಿ, ಗಂಗೆಯಲ್ಲಿ ದೋಣಿ ಪಕ್ಕವೇ ಡಾಲ್ಫಿನ್ ಎದ್ದರೂ ರೆಕಾರ್ಡಿಂಗ್‌ನಲ್ಲಿ ಬರೀ ನೀರಿನ ಸದ್ದು ಅಂದಿರಿ, ಅಲ್ವಾ? ಬಹುಶಃ ರೆಕಾರ್ಡರ್ 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿದೆ, ಅಂದರೆ ಸದ್ದನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆಯುತ್ತದೆ. ಆಗ ಅದು ಆ ರೇಟಿನ ಅರ್ಧ, ಅಂದರೆ 24 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಹಿಡಿಯುವುದೇ ಇಲ್ಲ. ಗಂಗಾ ಡಾಲ್ಫಿನ್ ದಾರಿ, ಬೇಟೆ ಹುಡುಕಲು ಹೊರಡಿಸುವ ಚಿಟಿಕೆಯಂಥ ಸದ್ದು, ಅಂದರೆ ಕ್ಲಿಕ್, ಜೋರಾಗಿರುವುದು 60–65 ಕಿಲೋಹರ್ಟ್ಸ್ ಸುತ್ತ.

ಮೊದಲು ರೇಟನ್ನು 192ಕ್ಕೆ ಏರಿಸಿ, 384 ಇದ್ದರೆ ಇನ್ನೂ ಒಳ್ಳೆಯದು. ಹೈಡ್ರೋಫೋನ್ (ನೀರೊಳಗಿನ ಮೈಕ್) ಕೂಡ ಅಷ್ಟು ಮೇಲಿನದ್ದನ್ನು ಹಿಡಿಯಬೇಕು. ನೀವು ಮಾಡೆಲ್ ಹೇಳಿಲ್ಲ, ಹಾಗಾಗಿ ಅದನ್ನು ಖಚಿತವಾಗಿ ಹೇಳಲಾರೆ. ಆಮೇಲೆ ಇಂಜಿನ್, ಮೀನು ಹುಡುಕುವ ಸೋನಾರ್ ಎರಡನ್ನೂ ಆರಿಸಿ, ದೋಣಿಯನ್ನು ಸುಮ್ನೆ ಹರಿವಿಗೆ ಬಿಟ್ಟು 10 ನಿಮಿಷ ರೆಕಾರ್ಡ್ ಮಾಡಿ. ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಸದ್ದನ್ನು ಚಿತ್ರವಾಗಿ ತೋರಿಸುವ ನಕ್ಷೆಯಲ್ಲಿ) ಬಾಚಣಿಗೆ ಹಲ್ಲಿನಂತೆ ನೆಟ್ಟಗಿನ ಸಣ್ಣ ಗೆರೆಗಳು ಕಂಡರೆ ಅದೇ ಕ್ಲಿಕ್. ಗೆರೆಗಳ ಅಂತರ ಒಂದಿಷ್ಟೂ ಬದಲಾಗದಿದ್ದರೆ ಅನುಮಾನಿಸಿ, ಪಕ್ಕದ ದೋಣಿಯ ಸೋನಾರ್ ಇರಬಹುದು. ಕ್ಲಿಕ್ ಎಣಿಸಿ ಇಷ್ಟು ಡಾಲ್ಫಿನ್ ಅಂತ ಮಾತ್ರ ಬರೆಯಬೇಡಿ. ಒಂದೇ ಪ್ರಾಣಿ ಸೆಕೆಂಡಿಗೆ ಹತ್ತಾರು ಸಲ ಕ್ಲಿಕ್ ಮಾಡುತ್ತದೆ.