ನಾಲ್ಕೂ ಮಂದಿಗೆ ಆರಾರು ಬಟನ್ ಬ್ಯಾಡ್ರಿ

ನಮಸ್ಕಾರ ರೀ. 30 ಇಂಚು ಅಗಲದ ಆರ್ಕೇಡ್ ಪೆಟ್ಟಿಗೆ (ನಿಂತು ಆಡೋ ವಿಡಿಯೋ ಗೇಮ್ ಪೆಟ್ಟಿಗೆ) ಮ್ಯಾಲ ನಾಲ್ಕು ಮಂದಿಗೂ ಆರಾರು ಬಟನ್ ಹಿಡಿಸ್ತಾವೇನು ಅಂತ ಕೇಳೀರಿ. ಬಟನ್ ಹಿಡಿಸ್ತಾವ, ಮಂದಿ ಹಿಡಿಸಂಗಿಲ್ಲ.

ಆರು ಬಟನ್ ಬೇಕಾಗೋದು 1991ರ ಸ್ಟ್ರೀಟ್ ಫೈಟರ್ 2 ಅಂಥ ಇಬ್ಬರ ಹೊಡೆದಾಟಕ್ಕ. ನಾಲ್ವರು ಕೂಡಿ ಆಡೋ ಕೊನಾಮಿ ಕಂಪನಿಯ ನಿಂಜಾ ಟರ್ಟಲ್ಸ್‌ಗೆ (1989) ಹೊಡಿಲಿಕ್ಕೊಂದು, ಜಿಗಿಲಿಕ್ಕೊಂದು, ಎರಡೇ ಸಾಕು. ನಡುವಿನ ಇಬ್ಬರಿಗೆ ಆರಾರು, ಅಂಚಿನವರಿಗೆ ನಾಲ್ಕ್ನಾಲ್ಕು ಇಡ್ರಿ. ಪ್ಯಾನೆಲ್ (ಬಟನ್, ಜಾಯ್‌ಸ್ಟಿಕ್ ಕೂಡ್ರಿಸೋ ಹಲಗಿ) ಎರಡೂ ಕಡೆ ಪೆಟ್ಟಿಗೆಗಿಂತ ಹೊರಗ ಚಾಚಲಿ.

ಭಾಳ ಮಂದಿ ಎಡವೋದು ಅಂಚಿನ ಜಾಯ್‌ಸ್ಟಿಕ್‌ನಾಗ. ಬಟನ್ ಸಾಲು ಓರೆ ಇರಲಿ, ಜಾಯ್‌ಸ್ಟಿಕ್ ಮಾತ್ರ ತಿರುವಬ್ಯಾಡ್ರಿ. 'ಮ್ಯಾಲ' ಅನ್ನೋದು ನಾಲ್ವರಿಗೂ ಸ್ಕ್ರೀನಿನ ಕಡೆನೇ ಇರಬೇಕು. ಇಲ್ಲಾಂದ್ರ ಸ್ಕ್ರೀನಿನ ಕಡೆ ತಳ್ಳಿದ್ರೂ ನಿಮ್ಮ ಆಮೆ ಮೂಲಿಗೆ ಓಡ್ತದ.

18 ಮಿಮೀ ಪ್ಲೈವುಡ್ ಅಂದೀರಲ್ಲ, ಒತ್ತಿ ಕೂಡ್ರಿಸೋ 30 ಮಿಮೀ ಬಟನ್ ತೆಳು ತಗಡಿಗೆ ಮಾಡಿದ್ದು, ಅಷ್ಟು ದಪ್ಪ ಹಲಗ್ಯಾಗ ಕಚ್ಚಂಗಿಲ್ಲ. ಕೆಳಗಿಂದ ನಟ್ ಬಿಗಿಯೋ ಉದ್ದನ ಬಟನ್ ತರಸ್ರಿ. ಅವು ಕೈಗೆ ಬಂದು ಅಳತಿ ನೋಡೋತನ ಬಡಿಗ್ಯಾರಿಗೆ ತೂತು ಹೊಡಿಲಿಕ್ಕೆ ಹೇಳಬ್ಯಾಡ್ರಿ. ಜಾಯ್‌ಸ್ಟಿಕ್ ಬರೋ ಜಾಗಾದಾಗ ಹಲಗಿಯನ್ನ ಕೆಳಗಿಂದ ರೂಟರ್‌ಲೇ (ಕಟಿಗಿ ಕೊರಿಯೋ ಮಷೀನ್) ಕೊರೆಸ್ರಿ, ಇಲ್ಲಾಂದ್ರ ಮ್ಯಾಲ ಕೋಲು ಗಿಡ್ಡ ಆಗ್ತದ.

ಕಡಿಯೋಕಿಂತ ಮೊದಲು ರಟ್ಟಿನ ಮ್ಯಾಲ ಗೆರಿ ಹಾಕಿ, ನಾಲ್ಕು ಮಂದಿನ ನಿಲ್ಲಿಸಿ ನೋಡ್ರಿ. ಶರಣಬಸವೇಶ್ವರ ಜಾತ್ರ್ಯಾಗ ನಿಂತಂಗ ಮೊಣಕೈ ತಾಗಿದ್ರ ಇನ್ನೂ ಅಗಲ ಮಾಡ್ರಿ.

ಹಳೇ ಕೀಬೋರ್ಡ್ ಬಿಚ್ಚಿ ಬಟನ್‌ಗಳಿಗೆ ವೈರ್ ಹಚ್ಚೋ ವಿಚಾರ ಬಿಡ್ರಿ, ಒಮ್ಮೆಲೇ ಭಾಳ ಕೀ ಒತ್ತಿದ್ರ ಕೆಲವು ನುಂಗಿಬಿಡ್ತದ. ತಲೆಗೊಂದು ಯುಎಸ್‌ಬಿ ಎನ್‌ಕೋಡರ್ (ಬಟನ್ ಒತ್ತಿದ್ದನ್ನ ಕಂಪ್ಯೂಟರಿಗೆ ತಿಳಿಸೋ ಸಣ್ಣ ಬೋರ್ಡ್) ಹಾಕ್ರಿ. ನಾಲ್ಕೂ ಒಂದೇ ನಮೂನಿ ಇದ್ರ ಕಂಪ್ಯೂಟರ್ ಚಾಲೂ ಮಾಡಿದಾಗ ಒಮ್ಮೊಮ್ಮೆ ಆಟಗಾರರ ನಂಬರ್ ಅದಲಿ-ಬದಲಿ ಆಗ್ತಾವ. ಯಾವ ಬೋರ್ಡ್ ಯಾವ ಪೋರ್ಟಿಗೆ ಅಂತ ಚೀಟಿ ಹಚ್ಚಿಡ್ರಿ.